ಬಿಸಿಲಿಗೆ ಬಾಗದ ದೋಟಿ, ಬಿಸಿಗೆ ಮೆತ್ತಗಾಗದ ಬಿಡಿಭಾಗ: ಸರಿಯಾದ ಎಪಾಕ್ಸಿ ಆರಿಸೋದು ಹೇಗೆ? ಇಲ್ಲಿದೆ ಪೂರ್ಣ ಮಾಹಿತಿ

ಅಮೃತಾಪುರ: ಅಡಿಕೆ ಕೊಯ್ಲಿಗೆ ಮರ ಹತ್ತುವವರು ಸಿಗೋದು ಕಷ್ಟವಾದ ಮೇಲೆ ತರೀಕೆರೆ, ಅಜ್ಜಂಪುರ, ಕಡೂರು ಭಾಗದ ತೋಟಗಳಿಗೂ ಕಾರ್ಬನ್ ಫೈಬರ್ ದೋಟಿ ಬಂದಿದೆ. ನೆಲದ ಮೇಲೆ ನಿಂತೇ ಗೊನೆ ಇಳಿಸಬಹುದು, ಔಷಧಿ ಹೊಡೆಯಬಹುದು. ಇದರ ಜೊತೆಗೇ ಔಷಧಿ ಸಿಂಪಡಿಸುವ ಡ್ರೋನ್, ಟ್ರ್ಯಾಕ್ಟರ್ ಬಾನೆಟ್, ಬೈಕಿನ ಕವರ್, ನೀರಿನ ಟ್ಯಾಂಕ್ ಹೀಗೆ ಹತ್ತಾರು ಕಡೆ ಫೈಬರ್ ಭಾಗಗಳು ಬಳಕೆಯಲ್ಲಿವೆ. ಮುರಿದರೆ ಹತ್ತಿರದ ಗ್ಯಾರೇಜಿನಲ್ಲೋ, ಮನೆಯಲ್ಲೋ ಎಪಾಕ್ಸಿ ಹಚ್ಚಿ ರಿಪೇರಿ ಮಾಡೋದೂ ಶುರುವಾಗಿದೆ.

ಸಮಸ್ಯೆ ಕಾಣಿಸಿಕೊಳ್ಳೋದು ಬೇಸಿಗೆಯಲ್ಲಿ. ಡಿಸೆಂಬರ್‌ನಲ್ಲಿ ಅಂಟಿಸಿದ ಜಾಗ ಕಲ್ಲಿನಂತೆ ಗಟ್ಟಿಯಾಗಿರುತ್ತೆ. ಅದೇ ದೋಟಿ ಏಪ್ರಿಲ್ ಮಧ್ಯಾಹ್ನ ಎರಡು ತಾಸು ಕಣದಲ್ಲಿ ಬಿದ್ದಿದ್ದರೆ, ಎತ್ತಿದ ಕೂಡಲೇ ಅಂಟಿಸಿದ ಜಾಗದಲ್ಲಿ ಬಾಗುತ್ತೆ, ಇಲ್ಲವೇ ಕೊಳವೆ ಜಾರಿ ಹೊರಬರುತ್ತೆ. ಐವತ್ತು ಅಡಿ ಮೇಲಿಂದ ಕತ್ತಿ ಸಮೇತ ದೋಟಿ ಬಿದ್ದರೆ ಕೆಳಗಿದ್ದವರ ಗತಿ ಏನು? ಪಕ್ಕದಲ್ಲಿ ವಿದ್ಯುತ್ ತಂತಿ ಇದ್ದರಂತೂ ಹೇಳೋದೇ ಬೇಡ.

"ಒಳ್ಳೆ ಕಂಪನಿದೇ ಹಾಕಿದ್ವಲ್ಲ" ಅನ್ನೋದು ಆಗ ಸಾಮಾನ್ಯವಾಗಿ ಕೇಳಿಬರುವ ಮಾತು. ಕಂಪನಿ ಒಳ್ಳೆಯದೇ ಇರಬಹುದು. ಆ ಕೆಲಸಕ್ಕೆ, ಆ ಬಿಸಿಗೆ ಆ ರೆಸಿನ್ ಸರಿಯೇ ಅನ್ನೋದು ಮುಖ್ಯ. ಅದನ್ನು ತಿಳಿಯೋದು ಹೇಗೆ ಎಂಬ ವಿವರ ಇಲ್ಲಿದೆ.

ಕಾಂಪೋಸಿಟ್ ಅಂದ್ರೆ ಏನು?

ಹಳೆ ಕಾಲದ ಮಣ್ಣಿನ ಗೋಡೆಗೆ ಹುಲ್ಲು ಸೇರಿಸಿ ತುಳಿಯುತ್ತಿದ್ದದ್ದು ನೆನಪಿರಬಹುದು. ಬರೀ ಮಣ್ಣು ಬಿರುಕು ಬಿಡುತ್ತೆ, ಬರೀ ಹುಲ್ಲು ನಿಲ್ಲೋದಿಲ್ಲ. ಎರಡೂ ಸೇರಿದರೆ ಗೋಡೆ. ಕಾಂಪೋಸಿಟ್ ಕೂಡ ಇದೇ ಲೆಕ್ಕ. ಕಾರ್ಬನ್ ಅಥವಾ ಗಾಜಿನ ನಾರು ಹುಲ್ಲಿನ ಜಾಗದಲ್ಲಿ, ರೆಸಿನ್ ಮಣ್ಣಿನ ಜಾಗದಲ್ಲಿ.

ಎಳೆದರೆ ತಡೆಯೋದು ನಾರು. ಆದರೆ ನಾರುಗಳನ್ನು ಒಟ್ಟಿಗೆ ಹಿಡಿದು, ಬಾಗದಂತೆ, ಒಂದರ ಮೇಲೊಂದು ಜಾರದಂತೆ ನೋಡಿಕೊಳ್ಳೋದು ರೆಸಿನ್. ನಮ್ಮ ಬಿಸಿಲಿಗಾಗಲಿ, ಎಂಜಿನ್ ಪಕ್ಕದ ಬಿಸಿಗಾಗಲಿ ಕಾರ್ಬನ್ ನಾರಿಗಾಗಲಿ ಗಾಜಿನ ನಾರಿಗಾಗಲಿ ಏನೂ ಆಗೋದಿಲ್ಲ. ಮೊದಲು ಸೋಲೋದು ರೆಸಿನ್. ಹಾಗಾಗಿ "ಕಾರ್ಬನ್ ಫೈಬರ್ ಎಷ್ಟು ಬಿಸಿ ತಡೆಯುತ್ತೆ?" ಅಂತ ಕೇಳೋದರಿಂದ ಪ್ರಯೋಜನ ಇಲ್ಲ. "ಇದರೊಳಗಿನ ರೆಸಿನ್ ಎಷ್ಟು ಬಿಸಿ ತಡೆಯುತ್ತೆ?" ಅಂತಲೇ ಕೇಳಬೇಕು.

ಟಿಜಿ: ನೆನಪಿಡಬೇಕಾದ ಒಂದೇ ಸಂಖ್ಯೆ

ಅಚ್ಚು ಬೆಲ್ಲ ಚಳಿಗಾಲದಲ್ಲಿ ಕುಟ್ಟಿದರೆ ಚೂರಾಗುತ್ತೆ. ಬೇಸಿಗೆಯಲ್ಲಿ ಅದೇ ಬೆಲ್ಲ ಮೆತ್ತಗಾಗಿ ಕೈಗೆ ಅಂಟುತ್ತೆ. ಕರಗಿ ನೀರಾಗಿಲ್ಲ, ಆದರೂ ಗಟ್ಟಿತನ ಹೋಗಿದೆ. ಎಪಾಕ್ಸಿಯೂ ಹೀಗೇ. ಒಮ್ಮೆ ಗಟ್ಟಿಯಾದ ಎಪಾಕ್ಸಿ ಮತ್ತೆ ಕರಗೋದಿಲ್ಲ. ಆದರೆ ಒಂದು ಉಷ್ಣಾಂಶ ದಾಟಿದರೆ ಗಾಜಿನಂತಿದ್ದದ್ದು ರಬ್ಬರಿನಂತಾಗುತ್ತೆ. ಆ ಉಷ್ಣಾಂಶಕ್ಕೆ ಗಾಜು ಪರಿವರ್ತನೆ ಉಷ್ಣಾಂಶ ಅಂತ ಹೆಸರು. ಎಲ್ಲರೂ ಕರೆಯೋದು ಟಿಜಿ ಅಂತ. ತಣ್ಣಗಾದರೆ ಮತ್ತೆ ಗಟ್ಟಿಯಾಗುತ್ತೆ, ಆದರೆ ಅಷ್ಟರಲ್ಲಿ ಭಾಗ ಬಾಗಿದ್ದರೆ ಬಾಗಿದ್ದೇ.

ಡಬ್ಬಿಯ ಜೊತೆ ಬರುವ ಡೇಟಾ ಶೀಟ್‌ನಲ್ಲಿ ಟಿಜಿ ಇರುತ್ತೆ. ಕೆಲವು ಕಡೆ ಎಚ್‌ಡಿಟಿ ಅಂತ ಬರೆದಿರುತ್ತಾರೆ. ಅದು ನಿಗದಿತ ಭಾರ ಹಾಕಿದಾಗ ಪಟ್ಟಿ ನಿಗದಿತ ಪ್ರಮಾಣಕ್ಕೆ ಬಾಗುವ ಉಷ್ಣಾಂಶ. ಎರಡೂ ಒಂದೇ ಅಲ್ಲ. ಒಂದು ಡಬ್ಬಿಯ ಟಿಜಿಯನ್ನು ಇನ್ನೊಂದು ಡಬ್ಬಿಯ ಎಚ್‌ಡಿಟಿ ಜೊತೆ ಹೋಲಿಸಿ ಇದೇ ಮೇಲು ಅಂತ ತೀರ್ಮಾನಿಸಬಾರದು.

ಮೊದಲ ಪ್ರಶ್ನೆ: ಭಾಗ ನಿಜಕ್ಕೂ ಎಷ್ಟು ಬಿಸಿಯಾಗುತ್ತೆ?

ಗಾಳಿಯ ಉಷ್ಣಾಂಶ ಬೇರೆ, ವಸ್ತುವಿನ ಉಷ್ಣಾಂಶ ಬೇರೆ. ಹೊರಗೆ 36 ಡಿಗ್ರಿ ಇದ್ದಾಗ ಅಂದಾಜು ಲೆಕ್ಕ ಹೀಗಿರುತ್ತೆ:

• ನೆರಳಲ್ಲಿರುವ ಭಾಗ: ಗಾಳಿಯಷ್ಟೇ, 36 ಡಿಗ್ರಿ
• ಬಿಸಿಲಲ್ಲಿರುವ ಬಿಳಿ ಬಣ್ಣದ ಭಾಗ: ಸುಮಾರು 45 ಡಿಗ್ರಿ
• ಬಿಸಿಲಲ್ಲಿರುವ ಕಪ್ಪು ಭಾಗ: 60ರಿಂದ 70 ಡಿಗ್ರಿ
• ಬೇಸಿಗೆಯಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ: 70 ಡಿಗ್ರಿ ದಾಟಬಹುದು
• ಎಂಜಿನ್ ಹತ್ತಿರದ ಕವರ್: ಸಾಮಾನ್ಯವಾಗಿ 80ರಿಂದ 120 ಡಿಗ್ರಿ
• ಸೈಲೆನ್ಸರ್ ಮೇಲ್ಮೈ: 150 ಡಿಗ್ರಿಗಿಂತ ಹೆಚ್ಚು, ಎಂಜಿನ್‌ಗೆ ಹತ್ತಿರವಾದಷ್ಟೂ ಇನ್ನೂ ಹೆಚ್ಚು

ಕಾರ್ಬನ್ ಫೈಬರ್ ಹುಟ್ಟಾ ಕಪ್ಪು. ಅಡಿಕೆ ಬೇಯಿಸುವ ಒಲೆಯ ಪಕ್ಕ ಗೋಡೆಗೆ ಒರಗಿಸಿಟ್ಟ ದೋಟಿಗೆ ಬಿಸಿಲಿನ ಜೊತೆ ಒಲೆಯ ಕಾವೂ ಸೇರುತ್ತೆ. ಅನುಮಾನ ಇದ್ದರೆ ಗನ್ ಆಕಾರದ ಇನ್‌ಫ್ರಾರೆಡ್ ಥರ್ಮಾಮೀಟರ್‌ನಿಂದ ಮಧ್ಯಾಹ್ನ 2 ಗಂಟೆಗೆ ಅಳತೆ ಮಾಡಿದರೆ ಸರಿ.

ಎಷ್ಟು ಅಂತರ ಇಟ್ಟುಕೊಳ್ಳಬೇಕು?

ಟಿಜಿ 70 ಇದೆ, ಭಾಗ ಬಿಸಿಯಾಗೋದು 65, ಹಾಗಾದ್ರೆ ಸಾಕು ಅನ್ನೋದು ತಪ್ಪು. ಟಿಜಿ ಹತ್ತಿರವಾಗುತ್ತಿದ್ದಂತೆ ಗಟ್ಟಿತನ ಇಳಿಯೋಕೆ ಶುರುವಾಗಿರುತ್ತೆ. ವಿಮಾನ ಕ್ಷೇತ್ರದಲ್ಲಿ ಬಳಸುವ ಒಂದು ನಿಯಮ ಇಲ್ಲೂ ಉಪಯೋಗಕ್ಕೆ ಬರುತ್ತೆ: ತೇವ ಹೀರಿಕೊಂಡ ಸ್ಥಿತಿಯಲ್ಲಿ ಇರುವ ಟಿಜಿಗಿಂತ 28 ಡಿಗ್ರಿ ಕಡಿಮೆಯಲ್ಲೇ ಭಾಗವನ್ನು ಬಳಸಬೇಕು.

"ತೇವ ಹೀರಿಕೊಂಡ" ಅನ್ನೋ ಮಾತು ಮಲೆನಾಡಿನ ಅಂಚಿಗೆ ಬಹಳ ಮುಖ್ಯ. ಮಳೆಗಾಲದಲ್ಲಿ ಬೆಲ್ಲ ನೀರಾಡುವುದನ್ನು ಎಲ್ಲರೂ ನೋಡಿದ್ದಾರೆ. ಎಪಾಕ್ಸಿಯೂ ನಿಧಾನಕ್ಕೆ ತೇವ ಹೀರುತ್ತೆ. ಶೇ 1ರಷ್ಟು ನೀರು ಸೇರಿದರೆ ಟಿಜಿ ಸುಮಾರು 20 ಡಿಗ್ರಿಯವರೆಗೆ ಕುಸಿಯಬಹುದು ಅನ್ನೋದು ತಜ್ಞರ ಸಾಮಾನ್ಯ ಲೆಕ್ಕ. ಮಳೆಗಾಲ ಪೂರ್ತಿ ಬೋರ್ಡೋ ದ್ರಾವಣ ಹೊಡೆಯಲು ಬಳಸಿದ ದೋಟಿ ಬೇಸಿಗೆಗೆ ಬರುವಾಗ ಡೇಟಾ ಶೀಟ್‌ನಲ್ಲಿದ್ದ ಟಿಜಿ ಅದರಲ್ಲಿ ಉಳಿದಿರೋದಿಲ್ಲ.

ಈಗ ದೋಟಿಯ ಲೆಕ್ಕ ಹಾಕೋಣ. ಬಿಸಿಲಲ್ಲಿ 65 ಡಿಗ್ರಿ. ಅದಕ್ಕೆ 28 ಸೇರಿಸಿದರೆ 93. ತೇವದ ನಷ್ಟಕ್ಕೆ 12 ಸೇರಿಸಿದರೆ 105. ಅಂದ್ರೆ ಭಾರ ಹೊರುವ ಕಪ್ಪು ಕೊಳವೆಗೆ ಒಣ ಟಿಜಿ ಕನಿಷ್ಠ 105 ಡಿಗ್ರಿ ಇರುವ ರೆಸಿನ್ ಬೇಕು. ಇಂತಹ ಕೊಳವೆಗಳನ್ನು ಕಾರ್ಖಾನೆಯಲ್ಲಿ ಸಾಮಾನ್ಯವಾಗಿ 120 ಡಿಗ್ರಿಯ ಆಸುಪಾಸಿನಲ್ಲಿ ಬೇಯಿಸಿ ಗಟ್ಟಿಮಾಡೋದು ಇದೇ ಕಾರಣಕ್ಕೆ.

ಅದೇ ಕೊಳವೆಗೆ ಬಿಳಿ ಬಣ್ಣ ಬಳಿದರೆ? 45ಕ್ಕೆ 28 ಮತ್ತು 12 ಸೇರಿಸಿ 85 ಆಗುತ್ತೆ. ಒಂದು ಡಬ್ಬಿ ಬಿಳಿ ಪೇಂಟ್ 20 ಡಿಗ್ರಿಯ ಹೊರೆ ಇಳಿಸುತ್ತೆ. ಫೈಬರ್ ಗ್ಲೈಡರ್ ವಿಮಾನಗಳು ಹೆಚ್ಚಾಗಿ ಬಿಳಿ ಬಣ್ಣದಲ್ಲೇ ಇರೋದಕ್ಕೂ ಇದೇ ಕಾರಣ.

ಗಟ್ಟಿತನ ತೀರ್ಮಾನಿಸೋದು ಹಾರ್ಡ್‌ನರ್

ಎಪಾಕ್ಸಿ ಎರಡು ಡಬ್ಬಿಯಲ್ಲಿ ಬರುತ್ತೆ. ಒಂದು ರೆಸಿನ್, ಇನ್ನೊಂದು ಹಾರ್ಡ್‌ನರ್. ಮಾರುಕಟ್ಟೆಯಲ್ಲಿ ಸಿಗುವ ಹೆಚ್ಚಿನ ದ್ರವ ರೆಸಿನ್‌ಗಳ ಮೂಲ ಒಂದೇ, ಬಿಸ್‌ಫಿನಾಲ್-ಎ. ಹಂಟ್ಸ್‌ಮನ್‌ನ ಅರಾಲ್ಡೈಟ್ ಎಲ್‌ವೈ 556, ಅತುಲ್ ಕಂಪನಿಯ ಲ್ಯಾಪಾಕ್ಸ್ ಎಲ್-12 ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್‌ಗಳಲ್ಲಿ ಹೆಚ್ಚಾಗಿ ಕಾಣುವ ಹೆಸರುಗಳು. ಅದೇ ರೆಸಿನ್‌ಗೆ ಬೇರೆ ಬೇರೆ ಹಾರ್ಡ್‌ನರ್ ಹಾಕಿದರೆ ಟಿಜಿ ಎಷ್ಟು ಬದಲಾಗುತ್ತೆ ನೋಡಿ. ಇವು ಪೂರ್ತಿ ಬೇಯಿಸಿದ ಮೇಲಿನ ಅಂದಾಜು ಸಂಖ್ಯೆಗಳು:

• 5 ನಿಮಿಷದಲ್ಲಿ ಗಟ್ಟಿಯಾಗುವ ಅಂಟು: 40ರಿಂದ 50 ಡಿಗ್ರಿ. ಮನೆಯೊಳಗಿನ ಸಣ್ಣಪುಟ್ಟ ಕೆಲಸಕ್ಕೆ ಮಾತ್ರ.
• ಪಾಲಿಈಥರ್ ಅಮೈನ್: 80ರಿಂದ 90 ಡಿಗ್ರಿ. ತೆಳ್ಳಗಿರುತ್ತೆ, ನಾರಿನೊಳಗೆ ಚೆನ್ನಾಗಿ ಇಳಿಯುತ್ತೆ, ಕೆಲಸಕ್ಕೆ ಸಮಯ ಸಿಗುತ್ತೆ.
• ಅಲಿಫ್ಯಾಟಿಕ್ ಅಮೈನ್, ಅಂದರೆ ಎಚ್‌ವೈ 951, ಕೆ-6 ತರಹದವು: ಕೋಣೆಯ ಉಷ್ಣಾಂಶದಲ್ಲಿ ಬಿಟ್ಟರೆ 50ರಿಂದ 60, ಮೇಲೆ 100 ಡಿಗ್ರಿಯಲ್ಲಿ ಬೇಯಿಸಿದರೆ 100ರಿಂದ 120 ಡಿಗ್ರಿ.
• ಸೈಕ್ಲೋಅಲಿಫ್ಯಾಟಿಕ್ ಅಮೈನ್, ಐಪಿಡಿಎ ತರಹದವು: 140ರಿಂದ 150 ಡಿಗ್ರಿ.
• ಅನ್‌ಹೈಡ್ರೈಡ್: 140ರಿಂದ 150 ಡಿಗ್ರಿ. ಒಲೆಯ ಕಾವಿಲ್ಲದೆ ಗಟ್ಟಿಯಾಗೋದೇ ಇಲ್ಲ. ಕೊಳವೆ ಸುತ್ತುವ ಕಾರ್ಖಾನೆಗಳಿಗೆ ಇಷ್ಟ.
• ಆರೋಮ್ಯಾಟಿಕ್ ಅಮೈನ್, ಡಿಡಿಎಂ: 160ರಿಂದ 170 ಡಿಗ್ರಿ.
• ಡಿಡಿಎಸ್: 200 ಡಿಗ್ರಿಯ ಆಸುಪಾಸು. 180 ಡಿಗ್ರಿಯಲ್ಲಿ ಬೇಯಿಸಬೇಕು.

ಇನ್ನೂ ಮೇಲೆ ಹೋಗಬೇಕಾದರೆ ಹಾರ್ಡ್‌ನರ್ ಜೊತೆ ರೆಸಿನ್ನೂ ಬದಲಾಗಬೇಕು. ಪ್ರತಿ ಅಣುವಿಗೆ ಎರಡರ ಬದಲು ನಾಲ್ಕು ಕೊಂಡಿಗಳಿರುವ ಟಿಜಿಡಿಡಿಎಂ ರೆಸಿನ್‌ಗೆ ಡಿಡಿಎಸ್ ಸೇರಿಸಿದರೆ 240 ಡಿಗ್ರಿ ದಾಟಬಹುದು. ಕೊಂಡಿಗಳು ಹೆಚ್ಚಾದಷ್ಟೂ ಬಲೆ ಬಿಗಿ, ಬಲೆ ಬಿಗಿಯಾದಷ್ಟೂ ಬಿಸಿ ತಡೆಯುವ ಶಕ್ತಿ ಹೆಚ್ಚು. ಆದರೆ ಬಿಗಿಯಾದ ಬಲೆ ಸುಲಭವಾಗಿ ಬಿರುಕು ಬಿಡುತ್ತೆ. ಹಾಗಾಗಿ ಎಲ್ಲದಕ್ಕೂ ಅತಿ ಹೆಚ್ಚು ಟಿಜಿ ಇರುವುದನ್ನೇ ಹಾಕೋಣ ಅನ್ನೋದೂ ಸರಿಯಲ್ಲ. ನೆಲಕ್ಕೆ ಬೀಳುವ, ಪೆಟ್ಟು ತಿನ್ನುವ ಭಾಗಕ್ಕೆ ಅದು ಹೊಂದೋದಿಲ್ಲ.

ಬೇಯಿಸದೆ ಬಿಸಿ ತಡೆಯೋದಿಲ್ಲ

ಹೆಚ್ಚಿನವರು ಮೋಸ ಹೋಗೋದು ಇಲ್ಲೇ. ಡಬ್ಬಿಯ ಮೇಲೆ ಟಿಜಿ 120 ಅಂತ ಇರುತ್ತೆ. ಕಲಸಿ, ಹಚ್ಚಿ, ಮಾರನೇ ದಿನ ಗಟ್ಟಿಯಾಗಿದೆ ಅಂತ ಬಳಸುತ್ತಾರೆ. ಆದರೆ ಆ 120 ಸಿಗೋದು ಡೇಟಾ ಶೀಟ್‌ನಲ್ಲಿ ಹೇಳಿದಷ್ಟು ಬಿಸಿಯಲ್ಲಿ, ಹೇಳಿದಷ್ಟು ಹೊತ್ತು ಇಟ್ಟ ಮೇಲೆ ಮಾತ್ರ.

ಕಾರಣ ಸರಳ. ಎಪಾಕ್ಸಿ ಗಟ್ಟಿಯಾಗುತ್ತಾ ಹೋದಂತೆ ಒಳಗಿನ ಅಣುಗಳಿಗೆ ಓಡಾಡಲು ಜಾಗ ಇರೋದಿಲ್ಲ. ಇನ್ನೂ ಕೊಂಡಿ ಹಾಕಿಕೊಳ್ಳಬೇಕಾದ ಅಣುಗಳು ಇದ್ದ ಜಾಗದಲ್ಲೇ ಸಿಕ್ಕಿಹಾಕಿಕೊಳ್ಳುತ್ತವೆ. ಬಿಸಿ ಏರಿಸಿದರೆ ಮಾತ್ರ ಮತ್ತೆ ಕದಲಿ ಕೆಲಸ ಮುಗಿಸುತ್ತವೆ. ಗಟ್ಟಿಮಾಡಿದ ಉಷ್ಣಾಂಶಕ್ಕಿಂತ ಟಿಜಿ 20-30 ಡಿಗ್ರಿಗಿಂತ ಹೆಚ್ಚು ಮೇಲೇರೋದಿಲ್ಲ ಅನ್ನೋದು ಕೆಲಸಗಾರರ ಸ್ಥೂಲ ಲೆಕ್ಕ. 28 ಡಿಗ್ರಿಯ ಕೋಣೆಯಲ್ಲಿ ಬಿಟ್ಟ ಭಾಗಕ್ಕೆ 55ರ ಆಸುಪಾಸಿನ ಟಿಜಿ ಬಂದರೆ ಅದೇ ದೊಡ್ಡದು.

ಈ ಎರಡನೇ ಸುತ್ತಿನ ಬೇಯಿಸುವಿಕೆಗೆ ಪೋಸ್ಟ್ ಕ್ಯೂರ್ ಅಂತಾರೆ. ಸಣ್ಣ ವರ್ಕ್‌ಶಾಪ್‌ನವರು ಮಾಡುವ ಕ್ರಮ ಹೀಗಿದೆ:

1. ಭಾಗವನ್ನು ಕೋಣೆಯ ಉಷ್ಣಾಂಶದಲ್ಲಿ 24 ಗಂಟೆ ಬಿಡಬೇಕು.
2. ಪ್ಲೈವುಡ್ ಪೆಟ್ಟಿಗೆಯ ಒಳಗೆ ಬಿಸಿ ಹೊರಹೋಗದಂತೆ ಗ್ಲಾಸ್‌ವೂಲ್ ಹಾಕಿ, ಥರ್ಮೋಸ್ಟಾಟ್ ಇರುವ ಹೀಟರ್ ಮತ್ತು ಗಾಳಿ ಸುತ್ತಿಸಲು ಸಣ್ಣ ಫ್ಯಾನ್ ಅಳವಡಿಸಬೇಕು.
3. ಅರ್ಧ ಗಂಟೆಗೆ 10 ಡಿಗ್ರಿಯಂತೆ ನಿಧಾನಕ್ಕೆ ಏರಿಸಬೇಕು. ಒಮ್ಮೆಲೇ ಏರಿಸಿದರೆ ಟಿಜಿ ದಾಟಿ ಭಾಗವೇ ಸೊಟ್ಟಗಾಗುತ್ತೆ.
4. ಡೇಟಾ ಶೀಟ್ ಹೇಳಿದ ಉಷ್ಣಾಂಶದಲ್ಲಿ, ಹೇಳಿದಷ್ಟು ಗಂಟೆ ಇಡಬೇಕು.
5. ಪೆಟ್ಟಿಗೆ ಒಳಗೇ ನಿಧಾನಕ್ಕೆ ತಣ್ಣಗಾಗಲು ಬಿಡಬೇಕು. ಇಡೀ ಸಮಯ ಭಾಗಕ್ಕೆ ಕೆಳಗಿನಿಂದ ಆಧಾರ ಇರಲಿ.

ಅಚ್ಚಿನ ಕಡೆಗೂ ಗಮನ ಬೇಕು. ಸಾಮಾನ್ಯ ಪಾಲಿಯೆಸ್ಟರ್ ರೆಸಿನ್‌ನಲ್ಲಿ ಮಾಡಿದ ಅಚ್ಚನ್ನು 80 ಡಿಗ್ರಿಗೆ ಇಟ್ಟರೆ ಭಾಗಕ್ಕಿಂತ ಮೊದಲು ಅಚ್ಚೇ ಮೆತ್ತಗಾಗುತ್ತೆ. ಅಡುಗೆ ಮನೆಯ ಓವನ್ ಆಗಲಿ, ಅಡಿಕೆ ಒಣಗಿಸುವ ಡ್ರೈಯರ್ ಆಗಲಿ ಇದಕ್ಕೆ ಬಳಸಲೇಬಾರದು. ರೆಸಿನ್ ಆವಿ ಅಲ್ಲೇ ಕೂತು ನಂತರ ತಿನ್ನುವ ಪದಾರ್ಥಕ್ಕೆ ಸೇರುತ್ತೆ.

ತೂಕ ತಪ್ಪಿದರೆ ಎಲ್ಲವೂ ತಪ್ಪಿದಂತೆ

ಪಾಲಿಯೆಸ್ಟರ್ ಕೆಲಸ ಮಾಡಿ ಅಭ್ಯಾಸ ಇದ್ದವರು "ಹಾರ್ಡ್‌ನರ್ ಸ್ವಲ್ಪ ಜಾಸ್ತಿ ಹಾಕಿದ್ರೆ ಬೇಗ ಗಟ್ಟಿಯಾಗುತ್ತೆ" ಅಂದುಕೊಂಡಿರುತ್ತಾರೆ. ಎಪಾಕ್ಸಿಯಲ್ಲಿ ಇದು ದೊಡ್ಡ ತಪ್ಪು. ಅಲ್ಲಿ ಹಾಕೋದು ಕೆಲಸ ಚುರುಕುಗೊಳಿಸುವ ವಸ್ತು. ಇಲ್ಲಿ ಹಾರ್ಡ್‌ನರ್ ಅನ್ನೋದು ಬಲೆಯ ಅರ್ಧ ಭಾಗವೇ. ಹೆಚ್ಚಾದರೂ ಕಡಿಮೆಯಾದರೂ ಜೋಡಿ ಸಿಗದ ಅಣುಗಳು ಉಳಿದು ಟಿಜಿ ಬೀಳುತ್ತೆ.

ಎಲ್‌ವೈ 556ಕ್ಕೆ ಎಚ್‌ವೈ 951 ಸಾಮಾನ್ಯವಾಗಿ 100 ಗ್ರಾಂಗೆ 10ರಿಂದ 12 ಗ್ರಾಂ. 50 ಗ್ರಾಂ ರೆಸಿನ್ ತೆಗೆದುಕೊಂಡರೆ ಹಾರ್ಡ್‌ನರ್ ಬೇಕಾಗೋದು 5 ಗ್ರಾಂ. ಒಂದು ಗ್ರಾಂ ಹೆಚ್ಚುಕಡಿಮೆ ತೋರಿಸುವ ಅಡುಗೆ ಮನೆಯ ತಕ್ಕಡಿಯಲ್ಲಿ ತೂಗಿದರೆ ತಪ್ಪು ಶೇ 20 ಆಯಿತು! 0.1 ಗ್ರಾಂವರೆಗೆ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಬೇಕೇ ಬೇಕು. ಚಮಚದ ಲೆಕ್ಕ, ಮುಚ್ಚಳದ ಲೆಕ್ಕ ಬೇಡ. ಕಲಸುವಾಗ ಲೋಟದ ಅಂಚು, ತಳ ಕೆರೆದು 3 ನಿಮಿಷವಾದರೂ ಕಲಸಬೇಕು.

ಥಿನ್ನರ್ ಹಾಕಿ ತೆಳ್ಳಗೆ ಮಾಡೋದು ಇನ್ನೊಂದು ಕೆಟ್ಟ ಅಭ್ಯಾಸ. ಒಳಗೆ ಉಳಿದ ಥಿನ್ನರ್ ಥೇಟ್ ನೀರಿನ ಹಾಗೇ ಟಿಜಿ ಇಳಿಸುತ್ತೆ. ತೆಳ್ಳಗಾಗಬೇಕೆಂದರೆ ರೆಸಿನ್ ಡಬ್ಬಿಯನ್ನು ಬಿಸಿನೀರಲ್ಲಿಟ್ಟು 35-40 ಡಿಗ್ರಿಗೆ ಬೆಚ್ಚಗೆ ಮಾಡಿದರೆ ಸಾಕು. ಆದರೆ ಕಲಸಿದ ಮೇಲೆ ಬೇಗ ಗಟ್ಟಿಯಾಗುತ್ತೆ ಅನ್ನೋದು ನೆನಪಿರಲಿ.

ಬೆಂಗಳೂರಿನ ವಿಮಾನಗಳಲ್ಲಿ ಇದೇ ಲೆಕ್ಕ

ಈ ವಿದ್ಯೆಯಲ್ಲಿ ಕರ್ನಾಟಕಕ್ಕೆ ದೊಡ್ಡ ಹೆಸರಿದೆ. 1959ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಅಂದರೆ ಎನ್‌ಎಎಲ್, ಬೆಂಗಳೂರಿನಲ್ಲಿದೆ. ಅದು ರೂಪಿಸಿದ ಎರಡು ಸೀಟಿನ ಹಂಸ ವಿಮಾನ ಮೊದಲು ಹಾರಿದ್ದು 1993ರಲ್ಲಿ. ಅದರ ದೇಹ ಫೈಬರ್ ಕಾಂಪೋಸಿಟ್. 2001ರ ಜನವರಿ 4ರಂದು ಬೆಂಗಳೂರಿನಿಂದ ಮೊದಲ ಬಾರಿ ಹಾರಿದ ಲಘು ಯುದ್ಧವಿಮಾನ ತೇಜಸ್‌ನ ದೇಹದ ತೂಕದಲ್ಲಿ ಸುಮಾರು ಶೇ 45 ಕಾಂಪೋಸಿಟ್. ಕಡೂರಿನಿಂದ ಬೆಂಗಳೂರಿಗೆ ಹೋಗುವ ದಾರಿಯ ಆಚೀಚೆ, ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯೂ ಇದೇ ಕ್ಷೇತ್ರದ್ದು. ನಮ್ಮ ಕಡೆಯ ಐಟಿಐ, ಡಿಪ್ಲೊಮಾ ಹುಡುಗರಿಗೆ ಕಾಂಪೋಸಿಟ್ ಕೆಲಸ ಗೊತ್ತಿರೋದು ಉಪಯೋಗಕ್ಕೆ ಬರುವ ವಿದ್ಯೆ.

ವಿಮಾನದ ಕೆಲಸದಲ್ಲಿ ಕಲಸೋದು, ಹಚ್ಚೋದು ಕಡಿಮೆ. ರೆಸಿನ್ ಮೊದಲೇ ಹೀರಿಕೊಂಡ ಕಾರ್ಬನ್ ಬಟ್ಟೆ ಸಿಗುತ್ತೆ, ಅದಕ್ಕೆ ಪ್ರಿಪ್ರೆಗ್ ಅಂತಾರೆ. ಗಟ್ಟಿಯಾಗದಂತೆ ಅದನ್ನು ಮೈನಸ್ 18 ಡಿಗ್ರಿ ಫ್ರೀಜರಿನಲ್ಲಿ ಇಡುತ್ತಾರೆ. ಆಮೇಲೆ ಆಟೋಕ್ಲೇವ್ ಎಂಬ, ಕುಕ್ಕರ್‌ನಂತೆ ಒತ್ತಡ ಮತ್ತು ಬಿಸಿ ಎರಡೂ ಕೊಡುವ ದೊಡ್ಡ ಉಕ್ಕಿನ ಕೊಳವೆಯೊಳಗೆ ಬೇಯಿಸುತ್ತಾರೆ.

ಲೋಕದಾದ್ಯಂತ ವಿಮಾನಗಳಿಗೆ ಬಳಸುವ ಹೆಕ್ಸೆಲ್ ಕಂಪನಿಯ 8552 ಎಂಬ ಎಪಾಕ್ಸಿಯನ್ನೇ ನೋಡಿ. 180 ಡಿಗ್ರಿಯಲ್ಲಿ ಬೇಯಿಸಿದ ಮೇಲೆ ಅದರ ಒಣ ಟಿಜಿ 200 ಡಿಗ್ರಿ. ತೇವ ಹೀರಿದ ಮೇಲೆ 154 ಡಿಗ್ರಿ. ಅದರಿಂದ 28 ಕಳೆದರೆ 126. ಕಂಪನಿ ಬಳಸಬಹುದು ಅಂತ ಹೇಳೋದು 121 ಡಿಗ್ರಿವರೆಗೆ. ಇನ್ನೂರು ಇದ್ದದ್ದು ಬಳಕೆಗೆ ಬರುವಾಗ ನೂರಿಪ್ಪತ್ತೊಂದಾಯಿತು. ಅಷ್ಟು ದುಬಾರಿ ರೆಸಿನ್‌ಗೇ ಇಷ್ಟು ಅಂತರ ಇಡುವಾಗ ಅಂಗಡಿಯಿಂದ ತಂದ ಅಂಟಿಗೆ ಎಷ್ಟು ಇಡಬೇಕು ಅನ್ನೋದನ್ನು ಯೋಚಿಸಬೇಕು.

ಎಪಾಕ್ಸಿಗೆ ಆಗದ ಕೆಲಸಗಳೂ ಇವೆ

ಸೈಲೆನ್ಸರ್ ಮೇಲೆ ನೇರವಾಗಿ ಎಪಾಕ್ಸಿ ಕಾರ್ಬನ್ ಸುತ್ತಿಕೊಡಿ ಅಂತ ಕೇಳುವ ಹುಡುಗರು ಇದ್ದಾರೆ. ಆಗದ ಕೆಲಸ. 300 ಡಿಗ್ರಿಯ ಆಸುಪಾಸಿನಲ್ಲಿ ಸಾಮಾನ್ಯ ಎಪಾಕ್ಸಿ ಸುಟ್ಟು ಒಡೆಯುತ್ತೆ, ಹೊಗೆ ಬರುತ್ತೆ, ಬೆಂಕಿಯೂ ಹಿಡಿಯಬಹುದು. ಅಂತಹ ಕಡೆ ತಗಡಿನ ಕವಚವೇ ಒಳ್ಳೆಯದು. ಇಲ್ಲದಿದ್ದರೆ ಸೈಲೆನ್ಸರ್‌ಗೂ ಕವರ್‌ಗೂ ನಡುವೆ ಗಾಳಿ ಆಡುವಷ್ಟು ಅಂತರ ಬಿಟ್ಟು, ಬಿಸಿ ತಡೆಯುವ ಹಾಳೆ ಹಾಕಬೇಕು.

ಎಪಾಕ್ಸಿ ಮುಗಿದ ಮೇಲೆ ಶುರುವಾಗುವ ರೆಸಿನ್‌ಗಳು ಬೇರೆ. 200 ಡಿಗ್ರಿಯ ಆಸುಪಾಸಿಗೆ ಬಿಸ್‌ಮಲೈಮೈಡ್, ಅಂದರೆ ಬಿಎಂಐ. ಯುದ್ಧವಿಮಾನದಲ್ಲಿ ಎಂಜಿನ್ ಸುತ್ತಲಿನ ಬಾಗಿಲುಗಳಂತಹ ಬಿಸಿ ಭಾಗಗಳಿಗೆ ಇದು ಬೇಕಾಗುತ್ತೆ. ಅದಕ್ಕೂ ಮೇಲೆ ಪಾಲಿಇಮೈಡ್. ಅಮೆರಿಕದ ನಾಸಾ 1970ರ ದಶಕದಲ್ಲಿ ರೂಪಿಸಿದ ಪಿಎಂಆರ್-15 ಸುಮಾರು 290 ಡಿಗ್ರಿಯಲ್ಲೂ ದೀರ್ಘಕಾಲ ನಿಲ್ಲುತ್ತೆ. ಬೆಂಕಿ ಹತ್ತಬಾರದ ಜಾಗಕ್ಕೆ ಫಿನಾಲಿಕ್ ರೆಸಿನ್. ಇವೆಲ್ಲ ಸಣ್ಣ ವರ್ಕ್‌ಶಾಪ್‌ನಲ್ಲಿ ಮಾಡುವಂಥವಲ್ಲ.

ಕೆಳಗಿನ ಕಡೆ ನೋಡಿದರೆ, ಟ್ಯಾಂಕ್, ಬಾಗಿಲು, ಬಾನೆಟ್‌ನಂತಹ ಕೆಲಸಕ್ಕೆ ಎಪಾಕ್ಸಿಯೇ ಬೇಕು ಅಂತಿಲ್ಲ. ಸಾಮಾನ್ಯ ಪಾಲಿಯೆಸ್ಟರ್‌ನ ಎಚ್‌ಡಿಟಿ 60-70ರ ಆಸುಪಾಸು, ಐಸೋಫ್ಥಾಲಿಕ್ ಪಾಲಿಯೆಸ್ಟರ್‌ದು 90-100, ವಿನೈಲ್ ಎಸ್ಟರ್‌ದು 100 ಅಥವಾ ಮೇಲೆ. ಬೆಲೆಯೂ ಸಾಮಾನ್ಯವಾಗಿ ಕಡಿಮೆ.

ಸರಳ ಪರೀಕ್ಷೆ: ಬಿಸಿನೀರು ಮತ್ತು ಒಂದು ಪಟ್ಟಿ

ಟಿಜಿಯನ್ನು ನಿಖರವಾಗಿ ಅಳೆಯಲು ಡಿಎಸ್‌ಸಿ, ಡಿಎಂಎ ಎಂಬ ಯಂತ್ರಗಳು ಬೇಕು. ಪ್ಲಾಸ್ಟಿಕ್ ಕ್ಷೇತ್ರದ ಕೇಂದ್ರ ಸಂಸ್ಥೆ ಸಿಪೆಟ್ ಮೈಸೂರಿನಲ್ಲಿದೆ, ಅಂತಹ ಸಂಸ್ಥೆಗಳಲ್ಲಿ ವಿಚಾರಿಸಬಹುದು. ಆದರೆ ಕೆಟ್ಟ ಮಿಶ್ರಣವನ್ನು ಪತ್ತೆಹಚ್ಚಲು ವರ್ಕ್‌ಶಾಪ್‌ನಲ್ಲೇ ಒಂದು ದಾರಿ ಇದೆ.

ಕೆಲಸಕ್ಕೆ ಕಲಸಿದ ಅದೇ ರೆಸಿನ್‌ನಲ್ಲಿ ನಾರು ಹಾಕದೆ, ಸ್ಕೇಲ್‌ನಷ್ಟು ಅಗಲ, 3 ಮಿಲಿಮೀಟರ್ ದಪ್ಪದ ಪಟ್ಟಿ ಎರಕ ಹೊಯ್ಯಬೇಕು. ಭಾಗದ ಜೊತೆಗೇ ಅದನ್ನೂ ಬೇಯಿಸಬೇಕು. ನಂತರ ಹಳೇ ಪಾತ್ರೆಯ ನೀರಿನಲ್ಲಿ ಮುಳುಗಿಸಿ, ಥರ್ಮಾಮೀಟರ್ ಇಟ್ಟು ನಿಧಾನಕ್ಕೆ ಕಾಯಿಸಬೇಕು. ಪ್ರತಿ 5 ಡಿಗ್ರಿಗೆ ಇಕ್ಕಳದಿಂದ ಪಟ್ಟಿಯನ್ನು ಬಗ್ಗಿಸಿ ನೋಡಬೇಕು. ಗಟ್ಟಿ ಪಟ್ಟಿ ರಬ್ಬರಿನಂತೆ ಬಳುಕಲು ಶುರುವಾದ ಉಷ್ಣಾಂಶವೇ ಅಂದಾಜು ಟಿಜಿ. 60ಕ್ಕೇ ಬಳುಕಿದರೆ ಆ ಕೆಲಸ ಬಿಸಿಲಿಗೆ ಹೋಗಬಾರದು. ನೀರು ಕುದಿಯುವವರೆಗೂ ಬಳುಕದಿದ್ದರೆ ಬಿಸಿಲಿನ ಕೆಲಸಕ್ಕೆ ಧೈರ್ಯವಾಗಿ ಬಳಸಬಹುದು. ಆ ಪಾತ್ರೆಯನ್ನು ಮತ್ತೆ ಅಡುಗೆಗೆ ಬಳಸಬೇಡಿ.

ದೋಟಿ ಮುರಿದರೆ ಏನು ಮಾಡ್ಬೇಕು?

• ಭಾರ ಹೊರುವ ಕೊಳವೆ ಬಿರುಕು ಬಿಟ್ಟಿದ್ದರೆ ಅಂಟು ಹಚ್ಚುವ ಬದಲು ಆ ಒಂದು ಭಾಗವನ್ನೇ ಬದಲಿಸೋದು ಉತ್ತಮ. ಮೇಲಿನ ಲೆಕ್ಕದಂತೆ ಬೇಕಾದ 105 ಡಿಗ್ರಿ ಟಿಜಿ ಮನೆಯಲ್ಲಿ ಒಣಗಿಸಿದ ಎಪಾಕ್ಸಿಗೆ ಬರೋದಿಲ್ಲ.
• ತುದಿಯ ಹಿಡಿಕೆ, ಕ್ಲ್ಯಾಂಪ್, ಕತ್ತಿ ಕೂರಿಸುವ ಜಾಗದಂತಹ ಕಡೆ ಅಂಟಿನ ಮೇಲೆ ನಂಬಿಕೆ ಇಡದೆ ಬೋಲ್ಟ್ ಅಥವಾ ಕ್ಲ್ಯಾಂಪ್‌ನ ಆಸರೆಯೂ ಇರಲಿ.
• ಅಂಟಿಸಲೇಬೇಕಾದರೆ ಮೇಲ್ಮೈಯನ್ನು ಸ್ಯಾಂಡ್‌ಪೇಪರ್‌ನಿಂದ ಉಜ್ಜಿ, ಒರೆಸಿ, ಪೋಸ್ಟ್ ಕ್ಯೂರ್ ಮಾಡಿ, ಬಿಳಿ ಬಣ್ಣ ಬಳಿಯಬೇಕು.
• ಬಳಕೆ ಮುಗಿದ ಮೇಲೆ ಬಿಸಿಲಲ್ಲಿ, ತಗಡಿನ ಶೆಡ್ ಮಾಡಿನ ಕೆಳಗೆ, ಒಲೆ ಪಕ್ಕ ಇಡಬಾರದು. ಉದ್ದಕ್ಕೂ ಆಧಾರ ಕೊಟ್ಟು ನೆರಳಲ್ಲಿ ಮಲಗಿಸಬೇಕು. ಗೋಡೆಗೆ ಓರೆಯಾಗಿ ಒರಗಿಸಿದರೆ ಬಿಸಿಗೆ ತನ್ನ ಭಾರಕ್ಕೇ ಬಾಗುತ್ತೆ.

ಎಚ್ಚರ: ಕಾರ್ಬನ್ ವಿದ್ಯುತ್ ಹರಿಸುತ್ತೆ

ಬಿದಿರಿನ ದೋಟಿ ಬಳಸಿದವರಿಗೆ ಇದು ಹೊಸ ವಿಷಯ. ಕಾರ್ಬನ್ ಫೈಬರ್‌ನಲ್ಲಿ ವಿದ್ಯುತ್ ಹರಿಯುತ್ತೆ. ತೋಟದ ಮೇಲೆ ಹಾದುಹೋದ ತಂತಿಗೆ ತಾಗಿದರೆ ಹಿಡಿದವರ ಪ್ರಾಣಕ್ಕೇ ಅಪಾಯ. ಯಾವ ಎಪಾಕ್ಸಿಯೂ, ಯಾವ ಬಣ್ಣವೂ ಇದಕ್ಕೆ ರಕ್ಷಣೆ ಅಲ್ಲ. ಒದ್ದೆಯಾದರೆ ಗಾಜಿನ ಫೈಬರ್ ಮತ್ತು ಬಿದಿರನ್ನೂ ನಂಬುವಂತಿಲ್ಲ. ತಂತಿ ಹತ್ತಿರದ ಮರಗಳ ಕೊಯ್ಲಿಗೆ ಮೊದಲು ಮೆಸ್ಕಾಂಗೆ ತಿಳಿಸಿ ಲೈನ್ ಆಫ್ ಮಾಡಿಸಿಕೊಳ್ಳಬೇಕು. ಸಹಾಯವಾಣಿ ಸಂಖ್ಯೆ 1912.

ಕೆಲಸ ಮಾಡುವವರು ಪಾಲಿಸಬೇಕಾದ ಇನ್ನಷ್ಟು ವಿಷಯಗಳು:

• ಹಾರ್ಡ್‌ನರ್ ಚರ್ಮಕ್ಕೆ ತಾಗಿದರೆ ತುರಿಕೆ, ಅಲರ್ಜಿ ಬರಬಹುದು. ಒಮ್ಮೆ ಅಲರ್ಜಿ ಹತ್ತಿದರೆ ಮುಂದೆ ಸ್ವಲ್ಪ ತಾಗಿದರೂ ಕಾಡುತ್ತೆ. ನೈಟ್ರೈಲ್ ಗ್ಲೌಸ್ ಕಡ್ಡಾಯ. ಕೈ ತೊಳೆಯಲು ಥಿನ್ನರ್ ಬೇಡ, ಸೋಪು ನೀರು ಸಾಕು.
• ಡಿಡಿಎಂ ಕ್ಯಾನ್ಸರ್‌ಕಾರಕ ಇರಬಹುದೆಂದು ಗುರುತಿಸಿರುವ ರಾಸಾಯನಿಕ. ತರಬೇತಿ ಇಲ್ಲದೆ ಮುಟ್ಟಬಾರದು.
• ಕಲಸಿದ ಎಪಾಕ್ಸಿಯನ್ನು ಲೋಟದಲ್ಲೇ ಬಿಟ್ಟರೆ ತಾನಾಗಿ ಬಿಸಿಯೇರಿ ಹೊಗೆಯಾಡುತ್ತೆ. ಒಮ್ಮೆಗೆ 100 ಗ್ರಾಂಗಿಂತ ಹೆಚ್ಚು ಕಲಸದೆ, ಅಗಲ ಬಾಯಿಯ ತಟ್ಟೆಗೆ ಹಾಕಿಕೊಳ್ಳಬೇಕು.
• ಗಟ್ಟಿಯಾದ ಫೈಬರ್ ಉಜ್ಜುವಾಗ ಮಾಸ್ಕ್, ಕನ್ನಡಕ ಇರಲಿ. ಕಾರ್ಬನ್ ಪುಡಿ ಸ್ವಿಚ್ ಬೋರ್ಡ್, ಮೋಟರ್ ಒಳಗೆ ಹೋದರೆ ಶಾರ್ಟ್ ಆಗುತ್ತೆ.

ಖರೀದಿಸುವ ಮುನ್ನ ಅಂಗಡಿಯಲ್ಲಿ ಕೇಳಬೇಕಾದ 6 ಪ್ರಶ್ನೆ

1. ಟಿಜಿ ಎಷ್ಟು? ಅದು ಯಾವ ಉಷ್ಣಾಂಶದಲ್ಲಿ ಎಷ್ಟು ಗಂಟೆ ಬೇಯಿಸಿದ ಮೇಲಿನ ಸಂಖ್ಯೆ?
2. ಬೇಯಿಸದೆ ಬಿಟ್ಟರೆ ಟಿಜಿ ಎಷ್ಟು ಬರುತ್ತೆ?
3. ತೇವ ಹೀರಿದ ಮೇಲಿನ ಟಿಜಿ ಕೊಟ್ಟಿದ್ದಾರಾ?
4. ಅನುಪಾತ ತೂಕದ್ದೋ, ಅಳತೆಯದ್ದೋ?
5. ಕಲಸಿದ ಮೇಲೆ ಎಷ್ಟು ನಿಮಿಷ ಕೆಲಸ ಮಾಡಬಹುದು? 25 ಡಿಗ್ರಿಗೆ ಹೇಳಿದ ಸಮಯ 35 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಅರ್ಧವಾಗುತ್ತೆ.
6. ತಯಾರಾದ ದಿನಾಂಕ ಯಾವುದು, ಎಷ್ಟು ದಿನ ಇಡಬಹುದು?

ಡೇಟಾ ಶೀಟ್ ಕೊಡದ ಅಂಗಡಿಯಿಂದ, ಬಿಡಿಯಾಗಿ ಬಾಟಲಿಗೆ ತುಂಬಿಕೊಡುವ ರೆಸಿನ್ ಅನ್ನು ಭಾರ ಹೊರುವ ಕೆಲಸಕ್ಕೆ ತೆಗೆದುಕೊಳ್ಳಬಾರದು. ಹೊಸ ದೋಟಿ ಕೊಳ್ಳುವಾಗಲೂ ಮಾರುವವರನ್ನು ಇದೇ ಮೊದಲ ಪ್ರಶ್ನೆ ಕೇಳಬಹುದು. ಉದ್ದ, ತೂಕ, ಬೆಲೆ ಎಲ್ಲರೂ ಹೇಳುತ್ತಾರೆ, ಬಿಸಿಲಿಗೆ ಎಷ್ಟು ತಡೆಯುತ್ತೆ ಅಂತ ಕೇಳಿದರೆ ಉತ್ತರ ಕೊಡುವವರು ಕಡಿಮೆ.

ಅಮೃತೇಶ್ವರ ದೇವಸ್ಥಾನದ ಕಲ್ಲು 1196ರಿಂದ ಇದೇ ಬಿಸಿಲು, ಇದೇ ಮಳೆಗೆ ನಿಂತಿದೆ. ಎಪಾಕ್ಸಿಗೆ ಆ ಆಯಸ್ಸಿಲ್ಲ. ಆದರೆ ಭಾಗ ಎಷ್ಟು ಬಿಸಿಯಾಗುತ್ತೆ ಅಂತ ಅಳೆದು, 28 ಡಿಗ್ರಿ ಅಂತರ ಬಿಟ್ಟು, ತೇವದ ಲೆಕ್ಕ ಸೇರಿಸಿ, ಸರಿಯಾಗಿ ತೂಗಿ, ಹೇಳಿದಷ್ಟು ಬೇಯಿಸಿದರೆ ಏಪ್ರಿಲ್ ಬಿಸಿಲಿನಲ್ಲೂ ಕೈಕೊಡೋದಿಲ್ಲ. ಈ ಬೇಸಿಗೆಗೆ ಮುನ್ನ ಮನೆಯಲ್ಲಿರುವ ದೋಟಿಯ ಅಂಟಿಸಿದ ಜಾಗಗಳನ್ನು ಒಮ್ಮೆ ನೋಡಿಕೊಳ್ಳೋದು ಒಳ್ಳೆಯದು.